ಪರದೆ ಇಲ್ಲದಿದ್ದರೂ ದುಡಿಯುವ ಕಂಪ್ಯೂಟರ್

ಕನ್ನಡಿ ಒಡೆದರೆ ಮುಖಕ್ಕೇನೂ ಆಗುವುದಿಲ್ಲ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಕಂಪ್ಯೂಟರಿನ ವಿಷಯದಲ್ಲಿ ದೊಡ್ಡವರೂ ಇದನ್ನು ಮರೆಯುತ್ತಾರೆ. ಮಾನಿಟರ್ ಕಪ್ಪಾದ ಕೂಡಲೇ 'ಕಂಪ್ಯೂಟರ್ ಹೋಯಿತು' ಎಂಬ ತೀರ್ಮಾನ. ಹೊಸ ಮಾನಿಟರಿಗೆ ಸಾವಿರಗಟ್ಟಲೆ ಸುರಿಯುವುದೇಕೆ, ಒಂದು ಲ್ಯಾಪ್‌ಟಾಪನ್ನೇ ತಂದರಾಯಿತು ಎಂದುಕೊಂಡು ಮೇಜಿನಡಿಯ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸುತ್ತಾರೆ. ಇಲ್ಲವೇ ಗುಜರಿಯವನ ಕೈಗೆ ಒಪ್ಪಿಸುತ್ತಾರೆ. ಹೀಗೆ ಮೂಲೆ ಸೇರಿದ ಪೆಟ್ಟಿಗೆಗಳಲ್ಲಿ ಎಷ್ಟೋ ಇನ್ನೂ ಕೆಲವು ವರ್ಷ ದುಡಿಯಬಲ್ಲವು. ಅದಕ್ಕೆ ಅವುಗಳಿಗೆ ಸ್ವಂತ ಪರದೆ ಬೇಕೆಂದೇನೂ ಇಲ್ಲ.

ಪರದೆಯಿಲ್ಲದ ಕಂಪ್ಯೂಟರನ್ನು ಬಳಸುವುದು ಹೇಗೆ? ಇನ್ನೊಂದು ಕೋಣೆಯಲ್ಲಿ, ಇಲ್ಲವೇ ಇನ್ನೊಂದು ಊರಿನಲ್ಲಿ ಕುಳಿತು, ಮತ್ತೊಂದು ಲ್ಯಾಪ್‌ಟಾಪ್ ಅಥವಾ ಮೊಬೈಲ್‌ನ ಪರದೆಯ ಮೂಲಕ. ಇದೇನೂ ಪವಾಡವಲ್ಲ. ನಮ್ಮ ರೈತರು ಮನೆಯ ಜಗಲಿಯಲ್ಲಿ ಕುಳಿತೇ ಮೊಬೈಲಿನಿಂದ ತೋಟದ ಪಂಪ್‌ಸೆಟ್ ಚಾಲೂ ಮಾಡುತ್ತಾರೆ. ಮೋಟಾರು ಇರುವಲ್ಲಿ ಮನುಷ್ಯ ಇರಬೇಕಾಗಿಲ್ಲ. ಆಜ್ಞೆ ಅಲ್ಲಿಗೆ ತಲುಪಿದರೆ ಸಾಕು. ಕಂಪ್ಯೂಟರಿಗೂ ಇದೇ ನ್ಯಾಯ. ಒಂದೇ ವ್ಯತ್ಯಾಸವೆಂದರೆ, ಇಲ್ಲಿ ಆಜ್ಞೆ ಹೋಗುವುದರ ಜೊತೆಗೆ ಉತ್ತರವೂ ಹಿಂದಿರುಗಿ ಬರಬೇಕು.

ಪರದೆಗಿಂತ ಹಿರಿಯ ಯಂತ್ರ

ಇತಿಹಾಸವನ್ನು ನೋಡಿದರೆ ಕಂಪ್ಯೂಟರ್ ಹುಟ್ಟಿದ್ದೇ ಪರದೆಯಿಲ್ಲದೆ. ದೂರದಿಂದ ಅದನ್ನು ನಡೆಸುವ ವಿದ್ಯೆಗೂ ಎಂಬತ್ತು ವರ್ಷ ದಾಟಿದೆ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಾರ್ಜ್ ಸ್ಟಿಬಿಟ್ಸ್ ಎಂಬ ಗಣಿತಜ್ಞ, ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಬಳಸುತ್ತಿದ್ದ ರಿಲೇಗಳನ್ನು ಜೋಡಿಸಿ ಒಂದು ಲೆಕ್ಕದ ಯಂತ್ರ ರೂಪಿಸಿದ್ದರು. ಸಂಕೀರ್ಣ ಸಂಖ್ಯೆಗಳ ಗುಣಾಕಾರ, ಭಾಗಾಕಾರ ಮಾಡುತ್ತಿದ್ದ ಆ ಯಂತ್ರ ಇದ್ದುದು ನ್ಯೂಯಾರ್ಕ್ ನಗರದಲ್ಲಿ. 1940ರ ಸೆಪ್ಟೆಂಬರ್ 11ರಂದು ನ್ಯೂ ಹ್ಯಾಂಪ್‌ಷೈರ್‌ನ ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತಜ್ಞರ ಸಭೆ ನಡೆಯಿತು. ಯಂತ್ರವನ್ನು ಅಲ್ಲಿಗೆ ಹೊತ್ತು ಒಯ್ಯುವ ಬದಲು ಸ್ಟಿಬಿಟ್ಸ್ ಒಂದು ಟೆಲಿಪ್ರಿಂಟರನ್ನು ಮಾತ್ರ ಒಯ್ದರು. ಅದರಲ್ಲಿ ಬೆರಳಚ್ಚಿಸಿದ ಲೆಕ್ಕ ತಂತಿಯ ಮೂಲಕ ನೂರಾರು ಕಿಲೋಮೀಟರ್ ಆಚೆಯ ನ್ಯೂಯಾರ್ಕ್ ತಲುಪಿತು. ಉತ್ತರ ಅದೇ ತಂತಿಯಲ್ಲಿ ಹಿಂದಿರುಗಿ ಕಾಗದದ ಮೇಲೆ ಅಚ್ಚಾಯಿತು. ಸಭೆಗೆ ಬಂದಿದ್ದ ಪ್ರಸಿದ್ಧ ಗಣಿತಜ್ಞ ನಾರ್ಬರ್ಟ್ ವೀನರ್ ತಾವೇ ಯಂತ್ರಕ್ಕೆ ಲೆಕ್ಕ ಕೊಟ್ಟು ಪರೀಕ್ಷಿಸಿದರು. ಕಾಗದವೇ ಅಂದಿನ ಪರದೆ!

ಅದೇ ಡಾರ್ಟ್‌ಮತ್ ಕಾಲೇಜಿನಲ್ಲಿ 1964ರಲ್ಲಿ ಕೆಮೆನಿ ಮತ್ತು ಕುರ್ಟ್ಸ್ ಎಂಬ ಇಬ್ಬರು ಪ್ರಾಧ್ಯಾಪಕರು ಒಂದೇ ಕಂಪ್ಯೂಟರಿಗೆ ಹಲವು ಟೆಲಿಪ್ರಿಂಟರ್‌ಗಳನ್ನು ಜೋಡಿಸಿದರು. ವಿದ್ಯಾರ್ಥಿಗಳು ಬೇರೆ ಬೇರೆ ಕಡೆ ಕುಳಿತು ಒಂದೇ ಯಂತ್ರದ ಸಮಯವನ್ನು ಹಂಚಿಕೊಂಡರು. ಅವರಿಗಾಗಿಯೇ ರೂಪುಗೊಂಡ ಸರಳ ಭಾಷೆ 'ಬೇಸಿಕ್'. ನಮ್ಮ ಎಷ್ಟೋ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಶುರುವಾದದ್ದು ಈ ಭಾಷೆಯಿಂದಲೇ. ಮೇಜಿನ ಮೇಲೆ ಪೆಟ್ಟಿಗೆ, ಅದರ ಪಕ್ಕದಲ್ಲೇ ಪರದೆ ಎಂಬ ಜೋಡಿ ಮನೆಮನೆಗೆ ಬಂದದ್ದು ಆಮೇಲೆ. ಆ ಜೋಡಿಯನ್ನೇ ನೋಡಿ ಬೆಳೆದ ನಮಗೆ ಎರಡೂ ಒಂದೇ ಎಂಬ ಭ್ರಮೆ.

ಪರದೆಯ ಮೇಲಿರುವುದು ಏನು?

ಒಂದು ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕಿಗಳಿರುತ್ತವೆ. ಒಟ್ಟು 20,73,600 ಚುಕ್ಕಿಗಳು. ಪ್ರತಿ ಚುಕ್ಕಿಯ ಕೆಂಪು, ಹಸಿರು, ನೀಲಿ ಪ್ರಮಾಣವನ್ನು ಹೇಳಲು ಮೂರು ಬೈಟ್ ಬೇಕು. ಅಂದರೆ ಒಂದು ಚಿತ್ರಕ್ಕೆ ಸುಮಾರು 62 ಲಕ್ಷ ಬೈಟ್. ಕಂಪ್ಯೂಟರ್ ಇಂಥ ಚಿತ್ರವನ್ನು ಸೆಕೆಂಡಿಗೆ 60 ಬಾರಿ ಮಾನಿಟರಿಗೆ ಕಳುಹಿಸುತ್ತದೆ. ಮಾನಿಟರ್ ಮಾಡುವ ಕೆಲಸ ಇಷ್ಟೇ: ಬಂದ ಅಂಕಿಗಳನ್ನು ಓದಿ ಚುಕ್ಕಿಗಳನ್ನು ಬೆಳಗಿಸುವುದು. ಅದು ಯೋಚಿಸುವುದಿಲ್ಲ, ಲೆಕ್ಕ ಮಾಡುವುದಿಲ್ಲ, ನಿಮ್ಮ ಕಡತವನ್ನು ಇಟ್ಟುಕೊಳ್ಳುವುದೂ ಇಲ್ಲ.

ಅಂದಮೇಲೆ ಆ ಅಂಕಿಗಳನ್ನು ಮಾನಿಟರಿನ ತಂತಿಗೆ ಬದಲು ಮನೆಯ ವೈಫೈಗೆ ಕೊಟ್ಟರೆ? ಚಿತ್ರ ಇನ್ನೊಂದು ಪರದೆಯ ಮೇಲೆ ಮೂಡುತ್ತದೆ. ಆದರೆ ಲೆಕ್ಕ ಹಾಕಿ ನೋಡಿ: ಎಲ್ಲವನ್ನೂ ಹಾಗೆಯೇ ಕಳುಹಿಸಿದರೆ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್‌ಗಳಾಗುತ್ತವೆ. ಮನೆಯ ಸಂಪರ್ಕಕ್ಕೆ ಇದು ಮೀರಿದ ಹೊರೆ. ಅದಕ್ಕೆಂದೇ ತಂತ್ರಾಂಶಗಳು ಒಂದು ಜಾಣತನ ಮಾಡುತ್ತವೆ. ಪರದೆಯಲ್ಲಿ ಬದಲಾದ ಭಾಗವನ್ನಷ್ಟೇ, ಅದನ್ನೂ ಕುಗ್ಗಿಸಿ, ಕಳುಹಿಸುತ್ತವೆ. ನೀವು ಒಂದು ಅಕ್ಷರ ಒತ್ತಿದರೆ ಆ ಅಕ್ಷರದ ಸುತ್ತಲಿನ ಚೌಕವಷ್ಟೇ ಪಯಣಿಸುತ್ತದೆ.

ಚಿತ್ರವೇ ಬೇಡ, ಅಕ್ಷರ ಸಾಕು ಎಂದರೆ ಇನ್ನೂ ಹಗುರ. ಸಾಲಿಗೆ 80 ಅಕ್ಷರದಂತೆ 24 ಸಾಲುಗಳ ಇಡೀ ಪುಟಕ್ಕೆ ಬೇಕಾದದ್ದು ಕೇವಲ 1,920 ಬೈಟ್. ಚಿತ್ರಕ್ಕಿಂತ 3,240 ಪಟ್ಟು ಕಡಿಮೆ! ಸಿಗ್ನಲ್ ಸರಿಯಾಗಿ ಸಿಗದ ಹಳ್ಳಿಯಿಂದಲೂ ದೂರದ ಕಂಪ್ಯೂಟರನ್ನು ಅಕ್ಷರಗಳ ಮೂಲಕ ನಡೆಸಬಹುದಾದ ಗುಟ್ಟು ಇದೇ.

ಮೂರು ದಾರಿಗಳು

ದೂರದ ಕಂಪ್ಯೂಟರಿನೊಂದಿಗೆ ಮಾತಾಡಲು ಇಂದು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಎಸ್‌ಎಸ್‌ಎಚ್. ಇದು ಅಕ್ಷರಗಳ ದಾರಿ. ಹಿಂದೆ ಬಳಕೆಯಲ್ಲಿದ್ದ 'ಟೆಲ್‌ನೆಟ್' ಎಂಬ ವಿಧಾನದಲ್ಲಿ ಪಾಸ್‌ವರ್ಡ್ ಕೂಡ ಪೋಸ್ಟ್ ಕಾರ್ಡಿನ ಬರಹದಂತೆ ಬಯಲಾಗಿಯೇ ಹೋಗುತ್ತಿತ್ತು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೇಳಿ ಪಾಸ್‌ವರ್ಡ್‌ಗಳನ್ನು ಸಂಗ್ರಹಿಸಿದರು. ಅಲ್ಲಿನ ಸಂಶೋಧಕ ತಾತು ಯ್ಲೋನೆನ್, ಇಡೀ ಸಂಭಾಷಣೆಯನ್ನು ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ರಚಿಸಿ ಅದೇ ವರ್ಷ ಹಂಚಿದರು. ಪೋಸ್ಟ್ ಕಾರ್ಡಿನ ಜಾಗಕ್ಕೆ ಅರಗು ಮುದ್ರೆಯ ಲಕೋಟೆ ಬಂತು.

ಎರಡನೆಯದು ವಿಎನ್‌ಸಿ. ಇಂಗ್ಲೆಂಡಿನ ಕೇಂಬ್ರಿಜ್‌ನ ಒಲಿವೆಟ್ಟಿ-ಒರೇಕಲ್ ಸಂಶೋಧನಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿದ ಇದು ಪರದೆಯ ಚಿತ್ರವನ್ನೇ ಚೌಕ ಚೌಕವಾಗಿ ಕಳುಹಿಸುತ್ತದೆ. ಯಾವ ಬಗೆಯ ಕಂಪ್ಯೂಟರಿನಿಂದ ಯಾವುದನ್ನಾದರೂ ನೋಡಬಹುದು ಎಂಬುದು ಇದರ ಗುಣ.

ಮೂರನೆಯದು ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್. 1998ರ ವಿಂಡೋಸ್ ಎನ್‌ಟಿ 4.0 ಟರ್ಮಿನಲ್ ಸರ್ವರ್ ಆವೃತ್ತಿಯೊಂದಿಗೆ ಬಂದ ಈ ವಿಧಾನ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್ ಮೂಲಕ ಮೇಜಿನ ಕಂಪ್ಯೂಟರಿಗೂ ಇಳಿಯಿತು. ದೂರದಿಂದ ಬಂದವರಿಗೆ ಇದು ತಾನೇ ಒಂದು ಕಾಲ್ಪನಿಕ ಪರದೆಯನ್ನು ಸೃಷ್ಟಿಸಿಕೊಡುತ್ತದೆ. ಆದ್ದರಿಂದ ಮಾನಿಟರ್ ಇಲ್ಲವೆಂಬ ಕೊರತೆ ಇದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಕೊಳ್ಳುವ ಮೊದಲೇ ತಿಳಿದಿರಬೇಕಾದ ಮಾತು: ವಿಂಡೋಸ್‌ನ 'ಹೋಮ್' ಆವೃತ್ತಿಯ ಕಂಪ್ಯೂಟರಿನಿಂದ ಬೇರೆ ಯಂತ್ರಗಳಿಗೆ ಹೋಗಬಹುದೇ ಹೊರತು, ಅದರೊಳಕ್ಕೆ ಈ ದಾರಿಯಲ್ಲಿ ಬರಲಾಗುವುದಿಲ್ಲ. ಅದಕ್ಕೆ 'ಪ್ರೊ' ಆವೃತ್ತಿ ಬೇಕು.

ಮನೆಯಲ್ಲಿ ಮಾಡಿ ನೋಡಲು

ಮೊದಲು ಪೆಟ್ಟಿಗೆಗೆ ಜೀವವಿದೆಯೇ ಎಂದು ಪರೀಕ್ಷಿಸಿ. ಮಾನಿಟರ್ ಇಲ್ಲದೆ ಇದನ್ನು ಹೇಗೆ ತಿಳಿಯುವುದು? ಕೀಬೋರ್ಡ್ ಜೋಡಿಸಿ, ಚಾಲೂ ಮಾಡಿ, ಎರಡು ಮೂರು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ. ಒತ್ತಿದಾಗಲೆಲ್ಲ ಕೀಬೋರ್ಡಿನ ಪುಟ್ಟ ದೀಪ ಹೊತ್ತಿ ಆರುತ್ತಿದ್ದರೆ ಒಳಗೆ ಯಂತ್ರ ಎಚ್ಚರವಾಗಿದೆ ಎಂದರ್ಥ. ನಾಡಿ ಹಿಡಿದು ನೋಡಿದಂತೆ ಇದು.

ಎರಡನೆಯದಾಗಿ, ಒಂದು ದಿನದ ಮಟ್ಟಿಗೆ ನೆರೆಯವರಿಂದಲೋ ಸ್ನೇಹಿತರಿಂದಲೋ ಮಾನಿಟರನ್ನು ಕಡ ತನ್ನಿ. ಎಚ್‌ಡಿಎಂಐ ಕಿಂಡಿ ಇರುವ ಪೆಟ್ಟಿಗೆಯಾದರೆ ಮನೆಯ ಟಿವಿಯೇ ಸಾಕು. ಬಾಗಿಲನ್ನು ಒಳಗಿನಿಂದ ಒಮ್ಮೆ ತೆಗೆದಿಟ್ಟರೆ ತಾನೆ ಆಮೇಲೆ ಹೊರಗಿನಿಂದ ಬರಲು ಸಾಧ್ಯ? ವಿಂಡೋಸ್ ಪ್ರೊ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಚಾಲೂ ಮಾಡಿ, ಖಾತೆಗೆ ಗಟ್ಟಿಯಾದ ಪಾಸ್‌ವರ್ಡ್ ಇಡಿ. ಯಂತ್ರ ತೀರ ಹಳೆಯದಾದರೆ ಲಿನಕ್ಸ್ ಉತ್ತಮ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅನೇಕ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಒಗ್ಗುವುದಿಲ್ಲ. ಉಚಿತವಾಗಿ ಸಿಗುವ ಉಬುಂಟು ಸರ್ವರ್ ಅಥವಾ ಡೆಬಿಯನ್ ಹಾಕುವಾಗ 'ಎಸ್‌ಎಸ್‌ಎಚ್ ಸರ್ವರ್ ಬೇಕೇ?' ಎಂದು ಕೇಳುವ ಹಂತ ಬರುತ್ತದೆ. ಅಲ್ಲಿ ಹೌದು ಎನ್ನಿ. ಎಚ್ಚರ: ಹೊಸ ವ್ಯವಸ್ಥೆ ಹಾಕಿದರೆ ಹಳೆಯ ಕಡತಗಳು ಅಳಿಸಿಹೋಗುತ್ತವೆ. ಮನೆಯ ಫೋಟೋ, ದಾಖಲೆಗಳನ್ನು ಮೊದಲು ಬೇರೆಡೆ ಉಳಿಸಿಕೊಳ್ಳಿ.

ಮೂರನೆಯದು ವಿಳಾಸ. ಮನೆಯ ರೌಟರ್ ಪ್ರತಿ ಯಂತ್ರಕ್ಕೂ 192.168.1.20 ಎಂಬಂಥ ಒಂದು ಅಂಕಿ ವಿಳಾಸ ಕೊಡುತ್ತದೆ. ಇದು ಆಗಾಗ ಬದಲಾಗಬಹುದು. ಆದ್ದರಿಂದ ರೌಟರಿನ ಸೆಟ್ಟಿಂಗ್‌ನಲ್ಲಿ ಈ ಪೆಟ್ಟಿಗೆಗೆ ಒಂದೇ ವಿಳಾಸವನ್ನು ಕಾಯ್ದಿರಿಸಿ. ಮನೆಯ ನಂಬರ್ ದಿನಕ್ಕೊಂದಾದರೆ ಅಂಚೆಯವನಾದರೂ ಏನು ಮಾಡಿಯಾನು!

ನಾಲ್ಕನೆಯದು ನಮ್ಮ ಊರುಗಳ ವಿದ್ಯುತ್ತಿಗೆ ಸಂಬಂಧಿಸಿದ್ದು. ಕರೆಂಟು ಹೋಗಿ ಬಂದಾಗ ಗುಂಡಿ ಒತ್ತಲು ಪ್ರತಿ ಸಲ ಯಾರಾದರೂ ಓಡಬೇಕಾದರೆ ದೂರನಿಯಂತ್ರಣಕ್ಕೆ ಅರ್ಥವೇನು? ಯಂತ್ರ ಚಾಲೂ ಆಗುವಾಗ ಸಿಗುವ ಬಯೋಸ್ ಪುಟದಲ್ಲಿ, ವಿದ್ಯುತ್ ಮರಳಿದಾಗ ತಾನಾಗಿ ಚಾಲೂ ಆಗುವ ಆಯ್ಕೆ ಬಹುತೇಕ ಕಂಪ್ಯೂಟರುಗಳಲ್ಲಿ ಇರುತ್ತದೆ. ಕೀಬೋರ್ಡ್ ಇಲ್ಲವೆಂದು ಹಟ ಹಿಡಿದು ನಿಲ್ಲುವ ಹಳೆಯ ಯಂತ್ರಗಳಿಗೆ, ಅಂಥ ದೋಷವನ್ನು ಲೆಕ್ಕಿಸದೆ ಮುಂದುವರಿಯುವಂತೆ ಹೇಳುವ ಆಯ್ಕೆಯೂ ಅಲ್ಲೇ ಇರುತ್ತದೆ. ಯಂತ್ರ ನಿದ್ರೆಗೆ ಜಾರುವ 'ಸ್ಲೀಪ್' ಆಯ್ಕೆಯನ್ನು ತೆಗೆದುಹಾಕಿ.

ಇಷ್ಟಾದ ಮೇಲೆ ಮಾನಿಟರನ್ನು ಕಳಚಿ ಹಿಂದಿರುಗಿಸಬಹುದು. 2018ರಿಂದೀಚೆಗಿನ ವಿಂಡೋಸ್ 10ರಲ್ಲಿ ಮತ್ತು ವಿಂಡೋಸ್ 11ರಲ್ಲಿ ಎಸ್‌ಎಸ್‌ಎಚ್ ಸೌಲಭ್ಯ ಒಳಗೇ ಇದೆ. ಮೊಬೈಲಿಗೂ ಇದರ ಆ್ಯಪ್‌ಗಳು ಸಿಗುತ್ತವೆ.

ಮಲಗಿರುವ ಯಂತ್ರವನ್ನು ತಂತಿಯ ಮೂಲಕ ಎಬ್ಬಿಸುವ 'ವೇಕ್ ಆನ್ ಲ್ಯಾನ್' ಎಂಬ ಸ್ವಾರಸ್ಯಕರ ಉಪಾಯವೂ ಇದೆ. ಮದರ್‌ಬೋರ್ಡಿಗೆ ಈ ಸೌಲಭ್ಯವಿದ್ದರೆ, ಯಂತ್ರ ಆರಿದ್ದರೂ ಅದರ ಜಾಲದ ಕಾರ್ಡು ಅರೆಗಣ್ಣು ತೆರೆದು ಕಾಯುತ್ತಿರುತ್ತದೆ. 255 ಎಂಬ ಅಂಕಿಯನ್ನು ಆರು ಸಲ ಹೇಳಿ, ಆ ಕಾರ್ಡಿನ ಆರು ಬೈಟ್‌ಗಳ ಸ್ವಂತ ಗುರುತನ್ನು 16 ಸಲ ಹೇಳಿದರೆ ಒಟ್ಟು 102 ಬೈಟ್‌ಗಳ ಸಂದೇಶವಾಗುತ್ತದೆ. ಅದನ್ನು ಕೇಳಿದ ಕೂಡಲೇ ಯಂತ್ರ ಏಳುತ್ತದೆ. ಹೆಸರು ಹಿಡಿದು ಹದಿನಾರು ಸಲ ಕೂಗಿದರೆ ಯಾರು ತಾನೇ ಏಳುವುದಿಲ್ಲ?

ಸುಳ್ಳು ಮಾನಿಟರ್

ಕೆಲವೊಮ್ಮೆ ಎಲ್ಲ ಸರಿಯಿದ್ದರೂ ದೂರದ ಪರದೆಯಲ್ಲಿ ಕಪ್ಪು ಬಣ್ಣವಷ್ಟೇ ಕಾಣುತ್ತದೆ, ಇಲ್ಲವೇ ಚಿತ್ರ ತೀರ ಚಿಕ್ಕದಾಗಿರುತ್ತದೆ. ವಿಎನ್‌ಸಿಯಂಥ ಚಿತ್ರದ ದಾರಿಯಲ್ಲಿ ಈ ತೊಂದರೆ ಹೆಚ್ಚು. ಕಾರಣ ಸರಳ. ಪ್ರತಿ ಮಾನಿಟರಿನೊಳಗೆ ಒಂದು ಪುಟ್ಟ ನೆನಪಿನ ಚಿಪ್ ಇದ್ದು, ತನ್ನ ತಯಾರಕರು ಯಾರು, ಎಷ್ಟು ಚುಕ್ಕಿಗಳನ್ನು ತೋರಿಸಬಲ್ಲೆ ಎಂಬ ಪರಿಚಯಪತ್ರ ಅದರಲ್ಲಿರುತ್ತದೆ. ಇದರ ಮೂಲಭಾಗ ಬರೀ 128 ಬೈಟ್. ಕಂಪ್ಯೂಟರ್ ಇದನ್ನು ಓದಿಯೇ ಚಿತ್ರದ ಅಳತೆಯನ್ನು ತೀರ್ಮಾನಿಸುತ್ತದೆ. ಮಾನಿಟರ್ ಇಲ್ಲದಿದ್ದರೆ ಪತ್ರವೂ ಇಲ್ಲ. ಆಗ ಕೆಲವು ಗ್ರಾಫಿಕ್ಸ್ ಕಾರ್ಡುಗಳು 'ನೋಡುವವರೇ ಇಲ್ಲವಲ್ಲ' ಎಂದು ಚಿತ್ರ ಬರೆಯುವುದನ್ನೇ ನಿಲ್ಲಿಸುತ್ತವೆ.

ಇದಕ್ಕೆ ಪರಿಹಾರ ಹೆಬ್ಬೆರಳಿನ ಗಾತ್ರದ ಒಂದು ಪ್ಲಗ್. ಅದರೊಳಗೆ ಇರುವುದು ಸುಳ್ಳು ಪರಿಚಯಪತ್ರ ಮಾತ್ರ. ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿದರೆ, ದೊಡ್ಡ ಮಾನಿಟರ್ ಬಂದು ಕೂತಿದೆಯೆಂದು ಕಂಪ್ಯೂಟರ್ ನಂಬುತ್ತದೆ. 'ಡಮ್ಮಿ ಪ್ಲಗ್' ಎಂದು ಕೇಳಿದರೆ ಕೆಲವು ನೂರು ರೂಪಾಯಿಗಳಲ್ಲಿ ಸಿಗುತ್ತದೆ. ಹೊಲದ ಬೆದರುಬೊಂಬೆಯನ್ನು ನೋಡಿ ಮನುಷ್ಯನಿದ್ದಾನೆಂದು ಹಕ್ಕಿಗಳು ನಂಬುವಂತೆಯೇ ಇದು!

ವಿದ್ಯಾರ್ಥಿಗೆ ಏನು ಲಾಭ?

ಇಷ್ಟೆಲ್ಲ ಒದ್ದಾಡಿ ಸಿಗುವುದೇನು ಎಂದು ಪೋಷಕರು ಕೇಳಬಹುದು. ಮೊದಲ ಲಾಭ, ಮನೆಯ ಫೋಟೋ, ಪಾಠದ ಟಿಪ್ಪಣಿಗಳನ್ನು ಎಲ್ಲರೂ ತಮ್ಮ ಮೊಬೈಲಿನಿಂದಲೇ ತೆರೆಯಬಹುದಾದ ಒಂದು ಭಂಡಾರ. ಎರಡನೆಯದು, ಮಗ ಅಥವಾ ಮಗಳು ತಪ್ಪು ಮಾಡಿದರೂ ಹೆಚ್ಚಿನ ನಷ್ಟವಿಲ್ಲದ ಕಲಿಕೆಯ ಯಂತ್ರ. ಖರ್ಚನ್ನೂ ಲೆಕ್ಕ ಹಾಕಿ: ಪೆಟ್ಟಿಗೆ 50 ವ್ಯಾಟ್ ಬಳಸುತ್ತದೆಂದು ಹಿಡಿದರೆ ಹಗಲೂ ರಾತ್ರಿ ಬಿಟ್ಟಾಗ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್. ಬೇಕಾದಾಗ ಮಾತ್ರ ಎಬ್ಬಿಸಿ, ಉಳಿದ ಹೊತ್ತು ಮಲಗಿಸುವುದೇ ಜಾಣತನ.

ಮೂರನೆಯ ಲಾಭವೇ ದೊಡ್ಡದು. ಮುಂದೆ ಕಾಲೇಜಿನಲ್ಲಿ, ಉದ್ಯೋಗದಲ್ಲಿ ನಮ್ಮ ಮಕ್ಕಳು ಬಳಸುವ ದೊಡ್ಡ ಕಂಪ್ಯೂಟರುಗಳಿಗೆ ಪರದೆಯೇ ಇರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 'ಪರಮ್ ಪ್ರವೇಗ' ಸೂಪರ್ ಕಂಪ್ಯೂಟರಿನ ಮುಂದೆ ಕುಳಿತು ಯಾವ ಸಂಶೋಧಕರೂ ಕೀಬೋರ್ಡ್ ಒತ್ತುವುದಿಲ್ಲ. ತಮ್ಮ ಜಾಗದಿಂದಲೇ ಜಾಲದ ಮೂಲಕ ಒಳಹೊಕ್ಕು ಕೆಲಸ ಒಪ್ಪಿಸುತ್ತಾರೆ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನ ಕಂಪ್ಯೂಟರಿಗೂ ಪರದೆ ಇರಲಿಲ್ಲ. 2023ರಲ್ಲಿ ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದವರು, ನಗರದ ಹೊರವಲಯದ ಬ್ಯಾಲಾಳುವಿನಲ್ಲಿರುವ 32 ಮೀಟರ್ ವ್ಯಾಸದ ಆಂಟೆನಾದಂಥ ಸಾಧನಗಳ ಮೂಲಕ ಅದರೊಂದಿಗೆ ಮಾತಾಡಿದರು.

ಇದೆಲ್ಲಕ್ಕೂ ಶಿಖರಪ್ರಾಯವಾದ ಉದಾಹರಣೆ ವಾಯೇಜರ್-1. 1977ರಲ್ಲಿ ಹಾರಿದ ಈ ನೌಕೆ 2023ರ ನವೆಂಬರಿನಲ್ಲಿ ಅರ್ಥವಿಲ್ಲದ ಅಂಕಿಗಳನ್ನು ಕಳುಹಿಸತೊಡಗಿತು. ಅದರ ಕಂಪ್ಯೂಟರಿನ ಒಂದು ನೆನಪಿನ ಚಿಪ್ ಕೆಟ್ಟಿತ್ತು. ರಿಪೇರಿಯವರು ಹೋಗುವಂತಿಲ್ಲ, ದೂರ 2,400 ಕೋಟಿ ಕಿಲೋಮೀಟರ್! ಆ ಚಿಪ್ಪಿನಲ್ಲಿದ್ದ ಆಜ್ಞೆಗಳನ್ನು ಬೇರೆ ಜಾಗಕ್ಕೆ ವರ್ಗಾಯಿಸುವ ಸಂದೇಶವನ್ನು ನಾಸಾ ಎಂಜಿನಿಯರುಗಳು 2024ರ ಏಪ್ರಿಲ್ 18ರಂದು ಕಳುಹಿಸಿದರು. ಅದು ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಏಪ್ರಿಲ್ 20ರಂದು ನೌಕೆ ಮತ್ತೆ ಸರಿಯಾಗಿ ಮಾತಾಡಿತು. ಮನೆಯ ಮೂಲೆಯ ಪೆಟ್ಟಿಗೆಗೆ ಪಕ್ಕದ ಕೋಣೆಯಿಂದ ಆಜ್ಞೆ ಕೊಡುವ ವಿದ್ಯಾರ್ಥಿ ಕಲಿಯುತ್ತಿರುವುದು ಇದೇ ವಿದ್ಯೆಯ ಮೊದಲ ಪಾಠ.

ಬೀಗದ ಕೈ ಯಾರ ಬಳಿ?

ಆದರೆ ಇದೇ ವಿದ್ಯೆಗೆ ಇನ್ನೊಂದು ಮುಖವೂ ಇದೆ. ದೂರದಿಂದ ನೀವು ಒಳಗೆ ಬರಬಹುದಾದ ಬಾಗಿಲಿನಲ್ಲಿ ಕಳ್ಳನೂ ಬರಬಹುದು. ರೌಟರಿನಲ್ಲಿ ಕಿಂಡಿ ತೆರೆದು ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ಇಂಟರ್‌ನೆಟ್‌ಗೆ ಒಡ್ಡುವುದು ಅಪಾಯಕರ. ಅಂಥ ತೆರೆದ ಬಾಗಿಲುಗಳನ್ನು ಹುಡುಕುವ ತಂತ್ರಾಂಶಗಳು ಹಗಲಿರುಳೂ ಜಾಲದಲ್ಲಿ ತಿರುಗುತ್ತಿರುತ್ತವೆ. 2019ರಲ್ಲಿ 'ಬ್ಲೂಕೀಪ್' ಎಂಬ ದೋಷ ಪತ್ತೆಯಾದಾಗ, ಬೆಂಬಲ ನಿಲ್ಲಿಸಿ ವರ್ಷಗಳಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಹೊರಡಿಸಬೇಕಾಯಿತು. ಕಲಿಯುವವರು ಮೊದಲು ಮನೆಯೊಳಗಿನ ಜಾಲದಲ್ಲಷ್ಟೇ ಪ್ರಯೋಗ ಮಾಡಲಿ. ಹೊರಗಿನಿಂದ ಬರಬೇಕಾದಾಗ ವೈರ್‌ಗಾರ್ಡ್‌ನಂಥ ವಿಪಿಎನ್ ಎಂಬ ಗೂಢಲಿಪಿಯ ಸುರಂಗದ ಮೂಲಕ ಬರಲಿ. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬದಲು ಕಡತರೂಪದ ಕೀಲಿ ಬಳಸುವುದನ್ನು ಕಲಿಯಲಿ.

ಪೋಷಕರು ತಿಳಿಯಬೇಕಾದದ್ದು ಇದಕ್ಕಿಂತ ಹತ್ತಿರದ ಅಪಾಯ. 'ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ಕೆವೈಸಿ ಮುಗಿದಿದೆ, ಈ ಆ್ಯಪ್ ಹಾಕಿಕೊಂಡು ಅದರಲ್ಲಿ ಕಾಣುವ ಅಂಕಿ ಹೇಳಿ' ಎಂಬ ಕರೆ ಬರುತ್ತದೆ. ಆ ಆ್ಯಪ್ ವೈರಸ್ ಅಲ್ಲ. ಈ ಲೇಖನದಲ್ಲಿ ಹೇಳಿದಂಥದ್ದೇ ದೂರನಿಯಂತ್ರಣ ಸಾಧನ. ಅಂಕಿ ಹೇಳಿ ಅನುಮತಿ ಕೊಟ್ಟ ಕೂಡಲೇ ನಿಮ್ಮ ಪರದೆ ಅವರ ಪರದೆಯಾಗುತ್ತದೆ. ನೀವು ಒತ್ತುವ ಪಿನ್, ಬರುವ ಒಟಿಪಿ ಎಲ್ಲವೂ ಅವರ ಕಣ್ಣಮುಂದೆ. ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಈ ಬಗೆಯ ವಂಚನೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಮೋಸ ಹೋದದ್ದು ತಿಳಿದರೆ ಮೊದಲು ಇಂಟರ್‌ನೆಟ್ ಸಂಪರ್ಕ ಕಡಿದುಹಾಕಿ, ನಂತರ ತಡಮಾಡದೆ 1930 ಸಹಾಯವಾಣಿಗೂ ನಿಮ್ಮ ಬ್ಯಾಂಕಿಗೂ ತಿಳಿಸಿ.

ಮನೆಯಲ್ಲಿ ಒಬ್ಬ ವಿದ್ಯಾರ್ಥಿ ಪರದೆಯಿಲ್ಲದ ಪೆಟ್ಟಿಗೆಯನ್ನು ಪಕ್ಕದ ಕೋಣೆಯಿಂದ ನಡೆಸಿ ತೋರಿಸಿದರೆ, ಅದನ್ನು ನೋಡಿದ ಅಜ್ಜಿಗೂ ಒಂದು ಸಂಗತಿ ಮನದಟ್ಟಾಗುತ್ತದೆ: ಯಂತ್ರ ನಮ್ಮ ಕೈಯಲ್ಲಿದ್ದರೂ ಅದರ ಕಣ್ಣು ಬೇರೆಯವರದಾಗಿರಬಹುದು. ಇದನ್ನು ಕಂಡವರು ಅಪರಿಚಿತರಿಗೆ ಆ ಒಂಬತ್ತಂಕಿ ಹತ್ತಂಕಿಗಳನ್ನು ಸುಲಭಕ್ಕೆ ಹೇಳಲಾರರು. ಬರುವ ರಜೆಯಲ್ಲಿ ಅಟ್ಟದ ಪೆಟ್ಟಿಗೆಯನ್ನು ಇಳಿಸಿ ಧೂಳು ಒರೆಸಲು ಈ ಒಂದು ಕಾರಣವೇ ಸಾಕು.